ಮಾಮೂಲಾಗಿ ಕಚ್ಚುವುದು

"ಸುಮ್ನೆ ಮಾಮೂಲಾಗಿ ಕಚ್ಚಿ ಅಂಕಲ್," ಎಂದರು ಡಾಕ್ಟರ್ ಯಶಶ್ರೀ. ಶಂಕರಪುರಂನಲ್ಲಿ ಅವರ ಕ್ಲಿನಿಕ್. ಒಂದು ಹಲ್ಲೂ ಉಳಿಯದ ನನ್ನ ಬಾಯಲ್ಲಿ ಮೇಲೊಂದು ಕೆಳಗೊಂದು ಮೇಣದ ಪಟ್ಟಿ. ಪೂರ್ತಿ ಸೆಟ್ಟು ಮಾಡುವ ಮೊದಲು ದವಡೆ ಎಲ್ಲಿ ಕೂರುತ್ತದೆಂದು ಅದರ ಮೇಲೆ ಗುರುತು ತೆಗೆಯಬೇಕಂತೆ.

ಯಾರಾದರೂ ನೋಡುತ್ತಿರುವಾಗ ನಾನು ಯಾವುದನ್ನೂ ಮಾಮೂಲಾಗಿ ಮಾಡಿದವನಲ್ಲ. ಸಂಜೆ ಕಾಲೇಜಿನಲ್ಲಿ ಹಾಜರಿಗೆ 'ಯೆಸ್ ಸಾರ್' ಅನ್ನುವುದನ್ನು ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ. ಕಚ್ಚುವುದನ್ನೂ ಬೆಳಿಗ್ಗೆ ಕನ್ನಡಿ ಮುಂದೆ ಅಭ್ಯಾಸ ಮಾಡಿಯೇ ಬಂದಿದ್ದೆ. ಕೆಳದವಡೆ ಸ್ವಲ್ಪ ಮುಂದೆ ತಂದರೆ ಮುಖಕ್ಕೊಂದು ಗಾಂಭೀರ್ಯ ಬರುತ್ತಿತ್ತು. ಹೆಂಡತಿ ಕುಸುಮಾ ಇಣುಕಿ ನೋಡಿ, "ಯಾರ ಮೇಲ್ರೀ ಸಿಟ್ಟು?" ಎಂದಿದ್ದಳು.

ಅದೇ ಗಾಂಭೀರ್ಯದಲ್ಲಿ ಕಚ್ಚಿದೆ. ಡಾಕ್ಟರು ಇನ್ನೊಮ್ಮೆ ಕಚ್ಚಿಸಿದರು, ಮತ್ತೊಮ್ಮೆ. ಒಂದೊಂದು ಸಲ ಒಂದೊಂದು ಕಡೆ ಕೂತಿತು.

ಆಮೇಲೆ ಎರಡು ಬಗೆಯ ದವಡೆಹಲ್ಲು ತೋರಿಸಿದರು. ಒಂದಕ್ಕೆ ಹೊಸದಾಗಿ ಉಳಿ ಹೊಡೆಸಿದ ಒರಳುಕಲ್ಲಿನ ಹಾಗೆ ಏರುತಗ್ಗು, ಇನ್ನೊಂದು ಚಪ್ಪಟೆ. "ಏರುತಗ್ಗಿಂದು ಚೆನ್ನಾಗಿ ಅಗಿಯುತ್ತೆ. ಆದ್ರೆ ಪ್ರತಿ ಸಲ ಒಂದೇ ಜಾಗಕ್ಕೆ ಕಚ್ಚಬೇಕು, ಇಲ್ದಿದ್ರೆ ಸೆಟ್ಟೇ ಅಲ್ಲಾಡುತ್ತೆ. ನಿಮ್ಮ ಬೈಟ್ ಒಂದು ಕಡೆ ನಿಲ್ತಾನೇ ಇಲ್ಲ. ಚಪ್ಪಟೆ ಹಾಕೋಣ್ವಾ? ಮೆತ್ತಗಿರೋದಕ್ಕೆಲ್ಲ ಸಾಕು."

ಜಸ್ಟ್ ಪಾಸ್ ಆದ ಹಾಗಾಯಿತು. ನನ್ನೊಬ್ಬನ ಮಾತಾಗಿದ್ದರೆ ಒಪ್ಪಿಬಿಡುತ್ತಿದ್ದೆ. ಆದರೆ ನನ್ನ ಹಲ್ಲು ಹೋದಾಗಿನಿಂದ ಕುಸುಮಾ ನಿಪ್ಪಟ್ಟು, ಕೋಡುಬಳೆ ಮನೆಯೊಳಗೇ ತಂದಿಲ್ಲ. ನನ್ನೆದುರು ಕರುಂಕುರುಂ ಅನ್ನಿಸಬಾರದೆಂದು ತಾನೂ ಕಿವುಚಿದ ಅನ್ನಕ್ಕೇ ಇಳಿದಿದ್ದಾಳೆ. ಅವಳ ಹಲ್ಲೆಲ್ಲ ಗುಂಡುಕಲ್ಲಿನ ಹಾಗಿವೆ. ನಾನು ಚಪ್ಪಟೆ ಹಾಕಿಸಿದರೆ ಅವಳಿಗೂ ಜೀವನಪರ್ಯಂತ ಮೊಸರನ್ನ.

"ಡಾಕ್ಟ್ರೇ, ಇನ್ನೊಂದ್ಸಲ," ಎಂದು ಮೇಣದ ನಡುವೆಯೇ ಗೊಣಗಿದೆ.

"ಎಷ್ಟ್ ಸಲಾರೀ?" ಪಕ್ಕದ ಸ್ಟೂಲಿನಿಂದ ಕುಸುಮಾ. "ಕನ್ನಡಿ ಮುಂದೆ ಮಾಡಿದ ನಾಟಕಾನೇ ಇಲ್ಲೂ ಮಾಡ್ತಿದೀರ. ಗದ್ದ ಯಾಕೆ ಮುಂದೆ ಬರುತ್ತೆ? ಮದುವೆ ಫೋಟೋದಲ್ಲೂ ಹಿಂಗೇ, ಫೋಟೋಗ್ರಾಫರ್ ಸುಸ್ತಾಗ್ಹೋಗಿದ್ದ!"

ಫೋಟೋಗ್ರಾಫರನದೇ ತಪ್ಪು ಎನ್ನಲು ಬಾಯಿ ತೆರೆದೆ. ಅವಳು ನಿಲ್ಲಿಸಲಿಲ್ಲ. ಮುಚ್ಚಿದೆ.

"ಹಾಂ! ಅದೇ! ಅಲ್ಲಾಡ್ಬೇಡಿ!" ಡಾಕ್ಟರು ಮೇಲಿನ ಮೇಣದಿಂದ ಕೆಳಗಿನದರವರೆಗೆ ನೆಟ್ಟಗೊಂದು ಗೀಟು ಎಳೆದರು. "ಆಂಟಿ, ನೀವು ಮುಂದುವರಿಸಿ."

"ಏನಂತ?"

"ಏನಾದ್ರೂ ಬೈದ್ಬಿಡಿ."

"ಅಯ್ಯೋ, ಬೈ ಅಂದ್ರೆ ಬೈಯೋಕಾಗುತ್ತಾ?" ಎಂದವಳಿಗೆ ಆಗಿಯೇ ಆಯಿತು. ನಾನು ಗ್ಯಾಸ್ ಬುಕ್ ಮಾಡಲು ಮರೆತದ್ದು, ಅವಳಣ್ಣನ ಗುರುತು ಹಿಡಿಯದೆ ಹೋದದ್ದು, ಮೆಟ್ರೋದಲ್ಲಿ ಎರಡು ಸ್ಟೇಷನ್ ಮೊದಲೇ ಬಾಗಿಲ ಹತ್ತಿರ ಹೋಗಿ ನಿಲ್ಲುವುದು. ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು. ಪ್ರತಿ ಸಲವೂ ಬಾಯಿ ತೆರೆದು ಮುಚ್ಚಿದೆ. ಮೇಲಿನ ಗೀಟಿಗೆ ಕೆಳಗಿನ ಗೀಟು ಸರಿಯಾಗಿ ಕೂತಿತು. ಡಾಕ್ಟರು ಚಪ್ಪಟೆ ಹಲ್ಲನ್ನು ಎತ್ತಿ ವಾಪಸ್ ಡಬ್ಬಿಗೆ ಹಾಕಿದರು.

ಸೆಟ್ಟು ಬಂದು, ಬಾಯಿ ಅದಕ್ಕೆ ಹೊಂದಿಕೊಂಡ ಮೇಲೆ ಒಂದು ಸಂಜೆ ಕುಸುಮಾ ಗಾಂಧಿಬಜಾರಿನಿಂದ ನಿಪ್ಪಟ್ಟು ತಂದಳು. ನನ್ನ ಮುಖ ನೋಡದೆ ತಾನೇ ಮೊದಲು ಮುರಿದು ಬಾಯಿಗೆ ಹಾಕಿಕೊಂಡಳು. ಎಷ್ಟು ಕಾಲದ ಮೇಲೆ ಆ ಸದ್ದು! ಅದನ್ನೇ ಕೇಳುತ್ತ ಕೂತವನು ಅರ್ಧ ನಿಪ್ಪಟ್ಟು ಮುಗಿಸಿಬಿಟ್ಟಿದ್ದೆ. ಅದು ಗೊತ್ತಾದದ್ದೇ ತಡ, ಉಳಿದರ್ಧವನ್ನು ಕ್ರಮವಾಗಿ ಅಗಿಯೋಣವೆಂದು ನೆಟ್ಟಗೆ ಕೂತೆ. ಕೆಳಗಿನ ಸೆಟ್ಟು ಜಾರಿತು.

"ಗಮನ ಇಟ್ಟು ತಿನ್ಬೇಡ್ರೀ," ಎಂದು ಕುಸುಮಾ ಇನ್ನೊಂದಕ್ಕೆ ಕೈ ಹಾಕಿದಳು.