ಮೈ ಇಳಿಸಿಕೊಂಡ ಇಂಡೆಕ್ಸ್ ಫೈಲು

ನಾನು ಒಂದು ಇಂಡೆಕ್ಸ್ ಫೈಲು. ಕಂಪ್ಯೂಟರಿನವರು ನನ್ನಂಥವರನ್ನು ಮೆಟಾಡೇಟಾ, ಅಂದರೆ ಮಾಹಿತಿಯ ಕುರಿತ ಮಾಹಿತಿ, ಎನ್ನುತ್ತಾರೆ. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಬಂದ ದಿನ ನಾನು ಹುಟ್ಟಿದೆ. ನನ್ನೊಳಗೆ ಚಿತ್ರಗಳಿಲ್ಲ. ಯಾರ ಚಿತ್ರ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಹೇಳುವುದಷ್ಟೇ ನನ್ನ ಕೆಲಸ. ನನ್ನನ್ನು ತಯಾರಿಸಿದವಳು ಅಲ್ಲಿನ ಕಂಪ್ಯೂಟರ್ ವಿಭಾಗದ ಜಗದೇವಿ. ಆಗ ನಾನು ಎಷ್ಟು ಚಿಕ್ಕದಾಗಿದ್ದೆನೆಂದರೆ, ಅವಳು ಹೆಸರು ಒತ್ತಿ ಕೈ ಎತ್ತುವುದರೊಳಗೆ ಉತ್ತರ ಕೊಡುತ್ತಿದ್ದೆ.

ಆದರೆ ಒಂದು ತಲೆಯ ಸ್ಕ್ಯಾನ್ ಎಂದರೆ ಒಂದು ಚಿತ್ರವಲ್ಲ. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿದಂತೆ ನೂರಾರು ಬಿಲ್ಲೆಗಳು. ಪ್ರತಿ ಬಿಲ್ಲೆಗೂ ನನ್ನಲ್ಲೊಂದು ಸಾಲು. ಪ್ರತಿ ಸಾಲಿನಲ್ಲೂ ರೋಗಿಯ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ವೈದ್ಯರು, ಯಂತ್ರ, ಆಸ್ಪತ್ರೆಯ ಉದ್ದನೆಯ ವಿಳಾಸ. ಅದನ್ನೇ ಮತ್ತೆ ಬರೆ, ಮತ್ತೆ ಬರೆ. ಬೆಳಗಾದರೆ ಮೈ ಇನ್ನಷ್ಟು ಊದಿರುತ್ತಿತ್ತು. ಕುಳಿತಲ್ಲಿ ಕುಳಿತುಕೊಳ್ಳಲಾಗದ ಒಂದು ಚಡಪಡಿಕೆ ನನಗೆ ಆಗಲೇ ಅಂಟಿಕೊಂಡಿತು.

ಜಗದೇವಿಯ ಮೇಜಿನ ಕಂಪ್ಯೂಟರಿನಿಂದ ನನ್ನನ್ನು ತಣ್ಣನೆಯ ಕೋಣೆಯೊಂದರ ದೊಡ್ಡ ಯಂತ್ರಕ್ಕೆ ಸಾಗಿಸಿದರು. ಅದರ ಉಸ್ತುವಾರಿ ಒಂದು ಕಂಪನಿಯ ಪಾಲಾಯಿತು. ಕಂಪನಿಯ ಪ್ರಾಣೇಶ ಆಗಾಗ ಬಂದು ಇನ್ನೊಂದು ಡಿಸ್ಕು ಜೋಡಿಸಿ ಹೋಗುತ್ತಿದ್ದ. ಜಾಗ ಸಿಕ್ಕಿತೇ ಹೊರತು ವೇಗ ಸಿಗಲಿಲ್ಲ. ನಾನು ಯಂತ್ರದ ಮೆಮೊರಿಯಲ್ಲಿ ಪೂರ್ತಿ ಹಿಡಿಸದಷ್ಟು ದಪ್ಪಗಾಗಿದ್ದೆ. ಯಾರು ಏನು ಕೇಳಿದರೂ ಡಿಸ್ಕಿನಿಂದ ನನ್ನನ್ನು ತುಂಡುತುಂಡಾಗಿ ಎತ್ತಿ ಓದಬೇಕಿತ್ತು. ಉತ್ತರ ಬರುವಷ್ಟರಲ್ಲಿ ಜನ ಚಹಾ ಕುಡಿದು ಬರುತ್ತಿದ್ದರು.

ಒಂದು ಮಧ್ಯಾಹ್ನ ಶಹಾಬಾದಿನ ಕಲ್ಲಿನ ಗಣಿಯಿಂದ ಅಂಬವ್ವ ಎಂಬ ಹೆಂಗಸನ್ನು ಕರೆತಂದರು. ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಸ್ಕ್ಯಾನಿನಲ್ಲಿ ಒಂದು ಬಿಳಿ ಮಚ್ಚೆ ಕಂಡಿತು. ಅದು ಈಗ ಸುರಿದ ರಕ್ತವಾದರೆ ತಲೆಬುರುಡೆ ತೆರೆಯಲೇಬೇಕು. ಹಳೆಯ ಗಡುಸು ಗಂಟಾದರೆ ಮುಟ್ಟುವ ಅಗತ್ಯವೇ ಇಲ್ಲ.

"ಹಿಂದೆಂದಾದರೂ ಸ್ಕ್ಯಾನ್ ಮಾಡಿಸಿದ್ರೇನು?" ಎಂದು ಶಸ್ತ್ರವೈದ್ಯ ಇನಾಂದಾರ್ ಅವಳ ಗಂಡ ಭೀಮಶಾನನ್ನು ಕೇಳಿದರು.

"ಇಲ್ಲೇ ಮಾಡ್ಸಿವ್ರಿ ಸಾಹೇಬ್ರ, ತಲಿ ಸಿಡಿತದ ಅಂತಿದ್ಳು. ಫಿಲಂ ಇಲಿ ಕಡದು ಹಾಳಾತ್ರಿ."

ಜಗದೇವಿ ಹೆಸರು ಒತ್ತಿದಳು. ನಾನು ಓಡತೊಡಗಿದೆ. ಅದೇ ಆಸ್ಪತ್ರೆಯ ವಿಳಾಸ, ಅದೇ ಯಂತ್ರದ ಹೆಸರು, ಲಕ್ಷಗಟ್ಟಲೆ ಸಾಲು, ನಡುವೆಲ್ಲೋ ಅಂಬವ್ವ.

"ಇನ್ನೆಷ್ಟು ಹೊತ್ತು ಜಗದೇವಿ?"

"ಹುಡುಕ್ಲಿಕ್ ಹತ್ಯದ ಸರ್."

ಅಂಬವ್ವ ಈಗ ಕರೆದರೂ ಕಣ್ಣು ತೆರೆಯಲಿಲ್ಲ. ಇನಾಂದಾರ್ ಪರದೆಯನ್ನು ನೋಡಿದರು, ಅವಳನ್ನು ನೋಡಿದರು. "ಇನ್ನ ಕಾಯೋದು ಆಗಂಗಿಲ್ಲ" ಎಂದು ಆಪರೇಶನ್ ಥಿಯೇಟರಿಗೆ ಹೊರಟರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ನಾನು ಹಳೆಯ ಸ್ಕ್ಯಾನನ್ನು ಹುಡುಕಿ ಕೊಟ್ಟಾಗ ಬುರುಡೆ ತೆರೆದಾಗಿತ್ತು. ಹಳೆಯ ಚಿತ್ರದಲ್ಲೂ ಅದೇ ಮಚ್ಚೆ, ಅದೇ ಜಾಗ, ಅಷ್ಟೇ ಗಾತ್ರ. ಅವಳನ್ನು ಕವಿದಿದ್ದು ಪೆಟ್ಟಿನ ಮಂಪರಷ್ಟೇ.

ಅಂಬವ್ವ ಬದುಕಿದಳು. ಆದರೆ ಆ ಶಸ್ತ್ರಚಿಕಿತ್ಸೆಯ ಬಳಿಕ ಸುತ್ತಿಗೆ ಹಿಡಿಯುವ ಬಲಗೈಯಲ್ಲಿ ಬಲ ಉಳಿಯಲಿಲ್ಲ.

ವಿಷಯ ಕೇಳಿ ಪ್ರಾಣೇಶ ಓಡಿ ಬಂದ. "ಹಳೇ ಸಾಲೆಲ್ಲ ಅಳಿಸಿಬಿಡೋಣ ಮೇಡಂ, ಫೈಲು ತಾನಾಗೇ ಸಣ್ಣದಾಗುತ್ತೆ" ಎಂದ.

"ಅವತ್ತು ಬೇಕಾಗಿದ್ದೇ ಹಳೇದು" ಎಂದಳು ಜಗದೇವಿ. ಪ್ರಾಣೇಶ ತಲೆ ತಗ್ಗಿಸಿ ಕುರ್ಚಿ ಎಳೆದುಕೊಂಡ.

ಇಬ್ಬರೂ ನನ್ನ ಒಂದು ನಕಲು ಮಾಡಿಟ್ಟು, ನನ್ನ ಮೈಗೆ ಕೈ ಹಾಕಿದರು. ಆಸ್ಪತ್ರೆಯ ವಿಳಾಸವನ್ನು ಒಂದೇ ಕಡೆ ಬರೆದು, ಉಳಿದೆಡೆ ಅದಕ್ಕೊಂದು ಪುಟ್ಟ ಗುರುತು ಇಟ್ಟರು. ಊರುಗಳಿಗೆ ಹಾಗೆಯೇ, ವೈದ್ಯರಿಗೆ ಹಾಗೆಯೇ. ಒಬ್ಬ ರೋಗಿಗೆ ಒಂದೇ ಸಾಲು. ಬಿಲ್ಲೆಗಳೆಲ್ಲ ಅದರ ಬೆನ್ನಿಗೆ. ಗುರುತು ಒಂದು ತಪ್ಪಿದರೂ ಒಬ್ಬರ ತಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಆ ಭಯದಲ್ಲಿ ಜಗದೇವಿ ಪ್ರತಿ ಹೆಸರನ್ನೂ ನಕಲಿನೊಂದಿಗೆ ತಾಳೆ ನೋಡಿದಳು. ನನಗಂತೂ ನನ್ನನ್ನು ಅಳಿಸುತ್ತಿದ್ದಾರೋ ಉಳಿಸುತ್ತಿದ್ದಾರೋ ತಿಳಿಯದ ತಳಮಳ. ಕೊನೆಗೆ ನೋಡಿದರೆ ನಾನು ಹಿಂದಿನ ಮೈಯ ಒಂದು ಚೂರಿನಷ್ಟಿದ್ದೆ. ಒಂದು ಹೆಸರೂ ಕಳೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಅಂಬವ್ವ ಮರುಪರೀಕ್ಷೆಗೆ ಬಂದಳು. ಅವಳು ಬೆಂಚಿನ ಮೇಲೆ ಕುಳಿತುಕೊಳ್ಳುವ ಮೊದಲೇ ಅವಳ ಸ್ಕ್ಯಾನುಗಳೆಲ್ಲ ಪರದೆಯ ಮೇಲಿದ್ದವು. ಭೀಮಶಾ ಅವನ್ನೇ ನೋಡುತ್ತ ನಿಂತ.

"ಅವತ್ತ ಯಾಕ್ರಿ ಇಷ್ಟು ಲಗೂ ಬರ್ಲಿಲ್ಲ?"

ಜಗದೇವಿ ಪರದೆಯ ಕಡೆಗೆ ತಿರುಗಿದಳು. ಅಂಬವ್ವನೇ ಎಡಗೈಯಿಂದ ಸೆರಗು ಸರಿಪಡಿಸಿಕೊಂಡು, "ಇರ್ಲಿ ಬಿಡ್ರಿ, ಮುಂದಿನವ್ರಿಗರೆ ಆತಲ್ಲ" ಎಂದಳು. ಹಾಗೆಂದವಳು ಜಗದೇವಿಯ ಮುಖ ಮಾತ್ರ ನೋಡಲಿಲ್ಲ.

ಈಗ ಆಸ್ಪತ್ರೆಗೆ ಬೇರೆಯೇ ವ್ಯವಸ್ಥೆ ಬಂದಿದೆ. ನನ್ನನ್ನು ಒಂದು ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಟ್ಟಿದ್ದಾರೆ. ಜಗದೇವಿಗೂ ನಿವೃತ್ತಿಯಾಯಿತು. ಹಗುರಾದ ಮೈಗೆ ನೆಮ್ಮದಿಯೂ ಬರುತ್ತದೆಂದು ಎಣಿಸಿದ್ದೆ. ಬಂದಿಲ್ಲ. ಅಂಬವ್ವನ ಮೊದಲ ಸ್ಕ್ಯಾನಿನ ದಿನ ನನ್ನಲ್ಲಿದೆ, ಎರಡನೆಯದರ ದಿನವೂ ಇದೆ. ಆ ಮಧ್ಯಾಹ್ನ ಅವಳು ಮಂಚದ ಮೇಲೆ ಮಲಗಿ ನನಗಾಗಿ ಕಾದಳಲ್ಲ, ಆ ಹೊತ್ತಿಗೆ ಮಾತ್ರ ನನ್ನಲ್ಲಿ ಒಂದು ಸಾಲೂ ಇಲ್ಲ.