ಉಳಿದ ಎಣ್ಣೆ

“ಹಿಂಗ ಹಿಡೀತಾರೇನ ಪಾನಾ? ರೊಟ್ಟಿ ತಟ್ಟಾಕ ಕುಂತೀಯೇನ?”

ಯಮನೂರ ಮೆಟ್ಟಿಲ ಮೇಲೆ ಕೂತು ಕೇಳಿದ. ಅವನ ಹೆಂಡತಿ ಮಹಾನಂದಾ ಕೆಳಗೆ, ಸ್ಟ್ಯಾಂಡ್ ಹಾಕಿದ ಬೈಕಿನ ಪಕ್ಕದಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೋಲ್ಟಿಗೆ ಪಾನಾ ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದಳು.

“ರೊಟ್ಟಿ ತಟ್ಟೂದು ನೀವೂ ಒಮ್ಮಿ ಕಲೀರಿ,” ಎಂದಳು. “ಮುಂದ ಏನ್ ಬಿಚ್ಚಲಿ, ಅದನ್ನ ಹೇಳ್ರಿ. ಹೊತ್ತು ಹೊಂಟೈತಿ.”

ಎಂಟು ತಿಂಗಳ ಹಿಂದೆ ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ಸು ಯಮನೂರನ ಬಲಗೈಯ ಮೂರು ಬೆರಳು ತಿಂದಿತ್ತು. ಮಷೀನಿನ ಮೇಲಿನ ರಕ್ತ ಒರೆಸಿ, ಊಟದ ಬಿಡುವು ಮುಗಿಯುವುದರೊಳಗೆ ಅಲ್ಲಿ ಬೇರೊಬ್ಬನನ್ನು ನಿಲ್ಲಿಸಿದ್ದರು. ಹೋದ ತಿಂಗಳು ಮಹಾನಂದಾ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಲೈನೂ ಮುಚ್ಚಿತು. ಗಂಡನ ಬೈಕನ್ನು ಅವಳು ಖಾಲಿ ಸೈಟಿನಲ್ಲಿ ಬಿದ್ದು ಎದ್ದು ಕಲಿತದ್ದು ಆಮೇಲೆ.

ಕಲಿತದ್ದು ಈಗ ಕೈಗೆ ಬರುವ ಹಾಗಿತ್ತು. ಬೀದಿಯ ತುದಿಯ ಮೆಸ್ಸಿನ ದೇವಕ್ಕ ಶೆಡ್ಡುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾಳೆ. ಡಬ್ಬಿ ಒಯ್ಯುವವನು ಬಿಟ್ಟು ಹೋಗಿದ್ದ. “ಇವತ್ತು ಹನ್ನೆರಡಕ್ಕೆ ಬಾ. ಸೈರನ್ನಿಗೆ ಮುಂಚೆ ನಲವತ್ತು ಡಬ್ಬಿ ಮುಟ್ಟಿಸಿದ್ರೆ ಕೆಲಸ ನಿಂದೇ,” ಎಂದಿದ್ದಳು. ಆದರೆ ಹದಿನೈದು ದಿನದಿಂದ ಬೈಕಿನ ಕ್ಲಚ್ಚು ಸ್ಲಿಪ್ ಆಗುತ್ತಿತ್ತು. ಗೇರು ಬೀಳುತ್ತಿತ್ತು, ಎಂಜಿನ್ ಬಾಯಿ ಬಡಿದುಕೊಳ್ಳುತ್ತಿತ್ತು, ಏರು ಬಂದರೆ ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು.

ಹಳೆಯ ಎಣ್ಣೆ ಬಸಿದು ಕವರು ಬಿಚ್ಚಿದಳು. ಒಳಗೆ ನಾಲ್ಕು ಬೋಲ್ಟು, ನಾಲ್ಕು ಸ್ಪ್ರಿಂಗು. ಒಂದು ಸ್ಪ್ರಿಂಗು ಚಿಮ್ಮಿ ಅವಳ ಹಣೆಗೆ ಬಡಿಯಿತು. ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಒಟ್ಟಿಗೆ ನಕ್ಕದ್ದು ಅದು. ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಎಳೆದು ಹಳೆಯ ಪೇಪರಿನ ಮೇಲೆ ಹರಡಿದಳು. ಯಮನೂರ ಒಂದನ್ನು ಎತ್ತಿಕೊಂಡು ಉಗುರಿನಿಂದ ಕೆರೆದ.

“ಪ್ಲೇಟ್ ಗಟ್ಟಿ ಅದಾವ. ಸುಟ್ಟಿಲ್ಲ, ಸವದಿಲ್ಲ.” ಉಳಿದೆರಡು ಬೆರಳಿನಲ್ಲಿ ಎಣ್ಣೆ ತಿಕ್ಕಿ ಮೂಸಿ ನೋಡಿದ. “ಇದು ಗಾಡಿ ಎಣ್ಣಿ ಅಲ್ಲ. ಯಾರ್ ಹಾಕಿದ್ರು?”

“ಗೌಡ್ರು ಕೊಟ್ಟಿದ್ರಲ್ಲ, ಕಾರಿಗೆ ಹಾಕಿ ಉಳಿದದ್ದು. ಅವತ್ತು ಅವರ ನೀರಿನ ಟ್ಯಾಂಕ್ ತೊಳದಿದ್ದೆ.”

“ಕಾರಿನ ಕ್ಲಚ್ ಎಣ್ಣ್ಯಾಗ ಇರಂಗಿಲ್ಲ. ನಮ್ಮದು ಎಣ್ಣ್ಯಾಗ ಮುಳುಗಿರತೈತಿ. ಕಾರಿನ ನುಣುಪು ಎಣ್ಣಿ ಬಿದ್ರ ಪ್ಲೇಟಿಗೆ ಪ್ಲೇಟ್ ಹಿಡಿಯಂಗಿಲ್ಲ, ಜಾರತಾವ. ಪೆಟ್ರೋಲ್‌ನ್ಯಾಗ ತೊಳಿ. ಹೊಸಾ ಎಣ್ಣಿ ತಗೊಂಡ್ ಬಾ.”

ಅವಳು ಓಡಿಹೋಗಿ ಬೈಕಿನ ಎಣ್ಣೆಯ ಡಬ್ಬ ತಂದಳು. ಪ್ಲೇಟು ತೊಳೆದು, ಒರೆಸಿ, ಅವನು ಹೇಳಿದ ಕ್ರಮದಲ್ಲಿ ಕೂರಿಸಿ ಕವರು ಬಿಗಿದಳು. ನಂತರದ್ದನ್ನು ಅವನು ಹೇಳುವ ಮೊದಲೇ ಅವಳ ಕೈ ಮಾಡುತ್ತಿತ್ತು. ಇನ್ನು ಎಣ್ಣೆ ಸುರಿಯುವುದಷ್ಟೇ ಉಳಿದಿತ್ತು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಆಗ ಅವರು ಗೌಡ್ರು ಎನ್ನುವ ಮನೆ ಮಾಲೀಕ ಶ್ಯಾಮಣ್ಣ ಬಂದ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಬಾಡಿಗೆ ರೂಮು ಬೆಳೆದವನು.

“ಏನಮ್ಮೋ, ಮೆಕ್ಯಾನಿಕ್ಕೇ ಆಗ್ಬುಟ್ಟೆ!” ಎಂದು ನಕ್ಕು ಯಮನೂರನ ಕಡೆ ತಿರುಗಿದ. “ನೀನಿನ್ನು ಮುದ್ದೆ ತಿರುವೋದು ಕಲ್ತ್ಕೊಳ್ಳಪ್ಪ. ಅದುಕ್ಕೂ ಐದು ಬೆರಳು ಬೇಕಲ್ಲೋ!”

ನೀರು ಹಿಡಿಯಲು ನಿಂತಿದ್ದ ಪಕ್ಕದ ರೂಮಿನವರು ನಕ್ಕರು. ಯಮನೂರ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಶ್ಯಾಮಣ್ಣನ ಕಣ್ಣು ಹೊಸ ಡಬ್ಬದ ಮೇಲೆ ಬಿತ್ತು. “ಇದ್ಯಾಕೆ? ನಾನು ಕೊಟ್ಟಿದ್ದು ಏನಾಯ್ತು?”

“ಅದು ಕಾರಿಂದ್ರಿ ಗೌಡ್ರ. ಗಾಡಿಗೆ ಆಗಂಗಿಲ್ರಿ. ಅದಕ್ಕ ಸ್ಲಿಪ್ ಆಗಾಕತ್ತಿತ್ತು.”

“ನನ್ ಕಾರಿಗೆ ಆಗೋದು ನಿನ್ ಗಾಡಿಗೆ ಆಗಕಿಲ್ವಾ?” ಶ್ಯಾಮಣ್ಣನ ನಗು ನಿಂತಿತು. ಒಳಗೆ ಹೋಗಿ ಅರ್ಧ ಉಳಿದಿದ್ದ ಅದೇ ಎಣ್ಣೆಯ ಕ್ಯಾನು ತಂದ. ಅವಳು ಕೈ ಚಾಚಿದಳು. ಅವನು ಕ್ಯಾನನ್ನು ನೆಲಕ್ಕಿಟ್ಟು ಚಪ್ಪಲಿಯ ತುದಿಯಿಂದ ಅವಳ ಕಡೆ ತಳ್ಳಿದ. “ಇರು, ಅವನ್ನೇ ಕೇಳಾನ. ಏನಪ್ಪಾ, ನೀನು ಕಲ್ತವ್ನು. ಈ ಎಣ್ಣೆ ಕೆಟ್ಟದ್ದಾ? ನಾನು ಕೆಟ್ಟದ್ದು ಕೊಟ್ನಾ?”

ಮಹಾನಂದಾ ಗಂಡನನ್ನು ನೋಡಿದಳು. ಹೇಳಲಿ, ಇದೊಂದು ಮಾತು ಹೇಳಿಬಿಡಲಿ.

ಯಮನೂರ ಅವಳ ಕೈಯಲ್ಲಿದ್ದ ಪಾನಾ ನೋಡಿದ. ನಲ್ಲಿಯ ಹತ್ತಿರದ ಹೆಂಗಸರನ್ನು ನೋಡಿದ.

“ಚೊಲೊ ಎಣ್ಣಿ ಐತ್ರಿ ಗೌಡ್ರ. ಹೆಂಗಸು, ಆಕಿಗೇನ ತಿಳೀತೈತಿ? ಏ, ಸುಮ್ನ ಅದನ್ನ ಹಾಕ.”

“ಅಂಗನ್ನು!” ಶ್ಯಾಮಣ್ಣ ಅವಳ ಹೊಸ ಡಬ್ಬ ಎತ್ತಿಕೊಂಡ. “ಇದು ನಮ್ ಗೇಟಿನ ಕೀಲಿಗಾಯ್ತದೆ. ಒಂದು ವಾರದಿಂದ ಕಿರ್ರಂತೈತೆ. ಉಯ್ಯಮ್ಮ, ನನ್ ಮುಂದೆ ಉಯ್ಯಿ. ಇಷ್ಟವಿಲ್ಲ ಅಂದ್ರೆ ರೂಮು ಕೇಳ್ಕೊಂಡು ದಿನಾ ನಾಲ್ಕು ಜನ ಬತ್ತಾರೆ.”

ಅವಳು ಕ್ಯಾನನ್ನು ಓರೆ ಮಾಡಿದಳು. ಕೊನೆಯ ಹನಿಯವರೆಗೂ ಶ್ಯಾಮಣ್ಣ ಬಗ್ಗಿ ನೋಡುತ್ತಿದ್ದ.

ದೇವಕ್ಕನ ಮೆಸ್ಸು ನಾಲ್ಕು ಮನೆ ಆಚೆಗಿತ್ತು. ಅಲ್ಲಿಯವರೆಗೆ ಸಮ ರಸ್ತೆ. ಬೈಕು ನೆಟ್ಟಗೇ ಹೋಯಿತು. ಎರಡೂ ಬದಿಗೆ ಡಬ್ಬಿಯ ಚೀಲ ಕಟ್ಟಿದರು. ಮುಂದೆ ಮೇನ್ ರೋಡಿನವರೆಗೆ ಏರು. ಮಹಾನಂದಾ ಮೊದಲ ಗೇರು ಹಾಕಿ ಕ್ಲಚ್ ಬಿಟ್ಟಳು. ಹತ್ತು ಮಾರು ಹತ್ತಿತು. ಆಮೇಲೆ ಎಂಜಿನ್ನಿನ ಕೂಗೊಂದೇ. ಹಿಂದೆ ಜಾರದಂತೆ ಬ್ರೇಕು ಹಿಡಿದು ಎರಡೂ ಕಾಲು ಊರಿದಳು.

“ಗೇರ್ ಆಕಮ್ಮೋ! ಮೊದ್ಲು ಗೇರ್ ಆಕೋದು ಕಲಿ!” ಶ್ಯಾಮಣ್ಣ ಗೇಟಿನಿಂದ ಕೂಗಿದ. ಟೀ ಅಂಗಡಿಯವರು ಶಿಳ್ಳೆ ಹಾಕಿದರು.

ದೇವಕ್ಕ ಎರಡು ನಿಮಿಷ ನೋಡಿ ಆಟೋ ನಿಲ್ಲಿಸಿದಳು. ಚೀಲಗಳನ್ನು ಬಿಚ್ಚುತ್ತ, “ಬೇಜಾರ್ ಮಾಡ್ಕೋಬೇಡ ಕಣಮ್ಮ,” ಎಂದಳು. “ಸೈರನ್ ಆದ್ಮೇಲೆ ಊಟ ಹೋದ್ರೆ ಆ ಡಬ್ಬಿ ನನ್ನ ಮುಖಕ್ಕೇ ಬರತ್ತೆ.”

“ನಾಳಿ ಬರ್ತೀನಕ್ಕ. ಎಣ್ಣಿ ಬದಲಿ ಮಾಡಿ—”

“ನಾಳೆಯಿಂದ ಈ ಆಟೋ ಬಾಲಾಜಿನೇ ಬರ್ತಾನೆ.”

ಆಟೋ ಏರು ಹತ್ತಿ ತಿರುಗಿತು. ಯಮನೂರ ಏದುಸಿರು ಬಿಡುತ್ತ ಬಂದ. “ಬಂದ್ ಮಾಡು. ಮನ್ಯಾಗ ಬಿಚ್ಚಿ ನೋಡೂಣು.”

“ಏನ್ ನೋಡೂದೈತ್ರಿ? ಎಣ್ಣಿ ಚೊಲೊ ಐತಲ್ಲ.”

ಮಹಾನಂದಾ ಬ್ರೇಕು ಬಿಗಿ ಹಿಡಿದು ಆಕ್ಸಿಲರೇಟರನ್ನು ಪೂರ್ತಿ ತಿರುವಿದಳು.

“ಏ, ಬಿಡ! ಪ್ಲೇಟ್ ಸುಡ್ತಾವ!”

ಅವಳು ಬಿಡಲಿಲ್ಲ. ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಗಾಲಿ ಕದಲಲಿಲ್ಲ. ಎಂಜಿನ್ನಿನ ಕೂಗಿಗೆ ಟೀ ಅಂಗಡಿಯ ಶಿಳ್ಳೆ ಅಡಗಿತು. ಕವರಿನ ಸಂದಿಯಿಂದ ಹೊಗೆಯೆದ್ದು ಸುಟ್ಟ ವಾಸನೆ ಬೀದಿಗೆಲ್ಲ ಹರಡಿತು.

ತಾರಸಿಯ ಮೇಲೆ ಶ್ಯಾಮಣ್ಣನ ಹೆಂಡತಿ ಭದ್ರಮ್ಮ ಮೂಗಿಗೆ ಸೆರಗು ಹಿಡಿದು ಬಂದಳು. ಕೆಳಗೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಹಗ್ಗದ ಮೇಲೆ ಒಣಹಾಕಿದ್ದ ಸೀರೆಗಳನ್ನು, ಇನ್ನೂ ಹಸಿಯಿದ್ದವನ್ನೂ ಸೇರಿಸಿ, ಒಂದೊಂದಾಗಿ ಎಳೆದು ಹೆಗಲ ಮೇಲೆ ಹಾಕಿಕೊಳ್ಳತೊಡಗಿದಳು.