ತಾನೇ ಬರೆದುಕೊಳ್ಳುವ ಹಸೆ ಚಿತ್ತಾರ

ಕುಪ್ಪಗಡ್ಡೆಯ ಯಮುನಮ್ಮನ ಮಗ ಯೋಗೇಶನ ಮದುವೆ ಹತ್ತಿರ ಬಂದಿತ್ತು. ಕರೆಯೋಲೆ ಮೊಬೈಲಿನಲ್ಲಿ ತೆರೆದ ಕೂಡಲೇ ಅಮ್ಮ ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ಎಳೆ ಎಳೆಯಾಗಿ ಮೂಡಬೇಕು. ಇದು ಮಗಳು ರಜನಿಯ ಆಸೆ. ಯಾವುದೋ ಆ್ಯಪಿನಲ್ಲಿ ಎಲ್ಲ ಬರೆದೂ ಮುಗಿಸಿದ್ದಳು. ಬೆಳಿಗ್ಗೆ ತೆರೆದರೆ ಬೀಗ: ಪುಕ್ಕಟೆ ಅವಧಿ ಮುಗಿದಿದೆ, ಹಣ ಕಟ್ಟಿ. ತಾನು ಬರೆದದ್ದು ತನಗೇ ಕಾಣದು.

"ಹೋಗ್ಲಿ ಬಿಡೆ, ಅಚ್ಚು ಹಾಕಿಸಿದ್ರಾಯ್ತು" ಎಂದಳು ಯಮುನಮ್ಮ.

ರಜನಿ ಒಳಗೆ ಹೋಗಿ ಶಿಕಾರಿಪುರದ ಗೆಳತಿ ಗಂಗಾಶ್ರೀಗೆ ಎರಡು ಸಾಲು ಕಳಿಸಿದಳು. ಕಂಪ್ಯೂಟರ್ ಕಲಿಸುವ ಗಂಗಾಶ್ರೀ ಮಧ್ಯಾಹ್ನದ ಬಸ್ಸಿಗೆ ಬಂದೇಬಿಟ್ಟಳು.

"ಮೊದ್ಲು ಊಟ ಹಾಕ್ರಿ ಅಮ್ಮ, ಆಮೇಲೆ ಬೀಗದ ಮಾತು."

ಉಂಡು ಲ್ಯಾಪ್‌ಟಾಪ್ ತೆರೆದಳು. "ಇದು ಇಂಕ್‌ಸ್ಕೇಪ್. ಚಿತ್ರ ಬರೆಯೋ ಸ್ವತಂತ್ರ ತಂತ್ರಾಂಶ. ದುಡ್ಡೂ ಇಲ್ಲ, ಅವಧೀನೂ ಇಲ್ಲ."

"ದುಡ್ಡಿಲ್ದೆ ಯಾರು ಕೊಡ್ತಾರೆ? ನಾಳೆ ಇವ್ರೂ ಬೀಗ ಜಡೀತಾರೆ" ಎಂದಳು ಯಮುನಮ್ಮ.

"ನೀವು ಊರ ಮದುವೆಗೆಲ್ಲ ಚಿತ್ತಾರ ಬರೀತೀರಲ್ರಿ, ನೋಡಿ ಕಲಿತ ಹುಡುಗೀರ ಹತ್ರ ದುಡ್ಡು ಕೇಳ್ತೀರೇನು?"

"ಅದ್ಯಾಕೆ ಕೇಳ್ಲಿ? ಅದೇನು ನಂದೊಬ್ಳದ್ದಾ? ಬರೀಲಿ, ಬೇಕಾದ್ರೆ ಒಂದೆಳೆ ಹೆಚ್ಚಿಗೆ ಹಾಕ್ಲಿ."

"ಇದನ್ನ ಮಾಡಿದೋರೂ ಹಂಗೇ ಅಂದಾರ. ಬಳಸ್ರಿ, ತಿದ್ರಿ, ಹಂಚ್ರಿ ಅಂತ. ಚಿತ್ರ ಉಳಿಯೋದು ಎಸ್‌ವಿಜಿ ಅನ್ನೋ ರೂಪದಾಗ. ಅದರ ನಿಯಮ ಎಲ್ಲರಿಗೂ ತೆರೆದಿಟ್ಟಿದ್ದು. ಅದಕ್ಕೇ ಯಾರ ಬ್ರೌಸರಿನಾಗಾದ್ರೂ ಕಾಣ್ತದ, ಬೇರೆ ತಂತ್ರಾಂಶದಾಗೂ ತೆರೀಬಹುದು."

ಯಮುನಮ್ಮ ಕುಂಚ ಎತ್ತಿಕೊಂಡು ಗೋಡೆಯ ಚಿತ್ತಾರದ ಅಂಚು ತಿದ್ದಲು ಕೂತಳು.

ಗೋಡೆಯ ಚಿತ್ತಾರದ ಫೋಟೊ ಮೇಲೆ ಗೆಳತಿಯರು ಗೆರೆ ಎಳೆದರು. ಗೆರೆ ತಾನಾಗಿ ಓಡುವುದಕ್ಕೆ, ವೆಬ್ ಪುಟಕ್ಕೆ ಬಣ್ಣ, ಚಲನೆ ಹೇಳುವ ಸಿಎಸ್‌ಎಸ್‌ನ ಕೆಲವೇ ಸಾಲು. ಪರದೆಯ ಕೆಮ್ಮಣ್ಣು ಬಣ್ಣದ ಮೇಲೆ ಬಿಳಿ ಎಳೆಗಳು ಓಡತೊಡಗಿದವು. ಪುಂಡಿನಾರಿನ ಕುಂಚ ಕೈಯಲ್ಲೇ ಹಿಡಿದು ಯಮುನಮ್ಮ ಪರದೆಯತ್ತ ಬಗ್ಗಿದಳು.

"ಅಯ್ಯ, ಚಪ್ಪರ ಏಳೋ ಮುಂಚೇನೇ ಮದುಮಕ್ಕಳನ್ನ ನಿಲ್ಸಿದೀರಲ್ರೇ. ಬಿಸಿಲಲ್ಲಿ ನಿಂತಿದಾವೆ, ಪಾಪ."

ಮೂವರೂ ನಕ್ಕು ನಕ್ಕು ಸುಸ್ತಾದರು. ಯಾವ ಎಳೆ ಯಾವಾಗ ಹೊರಡಬೇಕೆಂಬುದು ಕಡತದಲ್ಲಿ ಓದುವ ಹಾಗೇ ಬರೆದಿತ್ತು. ರಜನಿ ಅದನ್ನಷ್ಟೇ ತಿದ್ದಿದಳು. ಈಗ ಮೊದಲು ಚೌಕಟ್ಟು, ಆಮೇಲೆ ಚಪ್ಪರ, ಕೊನೆಗೆ ಮದುಮಕ್ಕಳು.

"ಗೋಡೆ ಮೇಲೆ ತಪ್ಪಿದ್ರೆ ನಾನು ಮತ್ತೆ ಕೆಮ್ಮಣ್ಣು ಬಳೀಬೇಕು. ನಿಂಗೆ ಇಷ್ಟೇನಾ?" ಎಂದಳು ಯಮುನಮ್ಮ, ಹೊಟ್ಟೆಕಿಚ್ಚು ಬಂದವಳಂತೆ.

ಸಂಜೆ ಕರೆಯೋಲೆಯ ಲಿಂಕ್ ನೆಂಟರಿಗೆಲ್ಲ ಹೋಯಿತು. ಸೊರಬದಿಂದ ಯಮುನಮ್ಮನ ತಂಗಿಯ ಫೋನು ಬಂತು: "ಅಕ್ಕಾ, ಬರೆಯೋ ನಿನ್ ಕೈ ಎಲ್ಲಿ? ಹುಡುಕಿ ಹುಡುಕಿ ಸಾಕಾಯ್ತು."

"ಕೈ ನನ್ ಮಗಳದ್ದು ಕಣೆ. ನಿನ್ ಮಗಳ ಮದುವೇಗೂ ಚಿತ್ರ ಕಳಿಸ್ತಾಳೆ, ಬೇಕಾದಂಗೆ ತಿದ್ಕೋ."

ಬಾಗಿಲ ಮರೆಯಲ್ಲಿದ್ದ ರಜನಿಯ ಮುಖ ಅರಳಿತು.

ಅಕ್ಕ ತಂಗಿಯರೇ, ನಿಮ್ಮ ಕೈಕೆಲಸಕ್ಕೆ ಬೇರೆಯವರ ಬೀಗ ಯಾಕೆ? ಸ್ವತಂತ್ರ ತಂತ್ರಾಂಶದಲ್ಲಿ ಬರೆಯಿರಿ, ಮುಕ್ತ ರೂಪದಲ್ಲಿ ಉಳಿಸಿ. ಕಲಿತದ್ದನ್ನು ಪಕ್ಕದ ಮನೆಯವರಿಗೂ ತೋರಿಸಿ, ಅವರೂ ಒಂದೆಳೆ ಸೇರಿಸಲಿ.